ಯಂತ್ರದ ಕೂಲಿ

ಜುಲೈ 3

ಸೊಸೆಗೆ,

ಇಲ್ಲಿಗೆ ಬಂದು ಸೇರಿದ್ದೇನೆ. ನಿನ್ನ ನಾದಿನಿ ಕಿಟಕಿ ಪಕ್ಕದ ಮಂಚ ಬಿಟ್ಟುಕೊಟ್ಟಿದ್ದಾಳೆ. ಮುರಿದ ಸೊಂಟ ಕೂಡಿಕೊಳ್ಳಲು ಈ ವರ್ಷದ ಕೊನೆಯಾಗಬಹುದು ಎಂದು ಡಾಕ್ಟರು ಹೇಳಿದರು. ಮೊನ್ನೆ ಫೋನಿನಲ್ಲಿ ನೀನೂ ಕೂಗಿದೆ, ನಾನೂ ಕೂಗಿದೆ, ಕೊನೆಗೆ ಅಳಿಯ ತನ್ನ ಕೋಣೆಯ ಬಾಗಿಲು ಹಾಕಿಕೊಂಡ. ಆಯುಷ್ಯವೆಲ್ಲ ಕಂಪ್ರೆಸರ್ ಸದ್ದು ಕೇಳಿದ ಕಿವಿ ಇದು, ಇನ್ನು ಇದಕ್ಕೆ ಫೋನು ಹಿಡಿಸುವುದಿಲ್ಲ. ಏನಿದ್ದರೂ ಕಾಗದ ಬರೆ. ದೊಡ್ಡ ಅಕ್ಷರದಲ್ಲಿ ಬರೆ.

ಈಗ ವಿಷಯಕ್ಕೆ ಬರುತ್ತೇನೆ. ಬಂದರಿನ ಆಚೆ ತುದಿಯಲ್ಲಿ ಕೋಲ್ಡ್ ಸ್ಟೋರೇಜ್ ಇಟ್ಟಿದ್ದಾನಲ್ಲ, ಆ ಗೋದಾಮಿನವನು ನಮ್ಮ ಐಸ್ ಫ್ಯಾಕ್ಟರಿ ಕೊಂಡುಕೊಳ್ಳುತ್ತೇನೆ ಎಂದು ಅಳಿಯನ ಮೂಲಕ ಹೇಳಿ ಕಳಿಸಿದ್ದಾನೆ. ಬೆಲೆ ಒಳ್ಳೆಯದನ್ನೇ ಹೇಳಿದ್ದಾನೆ. ಸೆಪ್ಟೆಂಬರ್ ಮುಗಿಯುವುದರೊಳಗೆ ಅವನಿಗೆ ಉತ್ತರ ಬೇಕು. ಅಳಿಯ ಮಾರಿಬಿಡಿ ಎನ್ನುತ್ತಾನೆ. ಮಗಳು ಬಾಯಿಬಿಟ್ಟು ಹೇಳುವುದಿಲ್ಲ, ಹಾಲಿನ ಲೋಟ ತಂದಿಡುವಾಗ ನಿಟ್ಟುಸಿರು ಬಿಡುತ್ತಾಳೆ.

ನನ್ನ ಮಗ ಹೋದ ಮೇಲೂ ಫ್ಯಾಕ್ಟರಿ ನಿಲ್ಲದೆ ನಡೆದಿದ್ದರೆ ಅದು ನಿನ್ನ ರಟ್ಟೆಯಿಂದ, ಒಪ್ಪುತ್ತೇನೆ. ಆದರೆ ಕೆಲಸ ನೀನು ಮಾಡಿದೆ, ಹಣ ನಾನು ನಡೆಸಿದೆ. ಹಣ ನಡೆಸುವುದು ನಿನಗೆ ಬರುತ್ತದೋ ಇಲ್ಲವೋ ನನಗೆ ಗೊತ್ತಿಲ್ಲ, ನಿನಗೂ ಗೊತ್ತಿಲ್ಲ. ಹೊರಡುವ ದಿನ ನೀನು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಮಾರಬೇಡಿ ಅತ್ತೆ ಎಂದೆ. ಕಣ್ಣೀರು ನೋಡಿ ತೀರ್ಮಾನ ಮಾಡುವವಳು ನಾನಲ್ಲ. ಈ ಮೂರು ತಿಂಗಳು ನೀನೇ ನಡೆಸು. ಫ್ಯಾಕ್ಟರಿ ತನ್ನ ಕಾಲ ಮೇಲೆ ತಾನು ನಿಲ್ಲುತ್ತದೆ ಎಂದು ಲೆಕ್ಕ ಹೇಳಿದರೆ ಮಾರುವುದಿಲ್ಲ. ಇಲ್ಲದಿದ್ದರೆ ಮಾರಿ, ನಿನಗೂ ಮೊಮ್ಮಗಳಿಗೂ ಒಂದು ಪಾಲು ಕೊಟ್ಟು ಕೈ ತೊಳೆದುಕೊಳ್ಳುತ್ತೇನೆ.

ಆಫೀಸಿನ ಕಬ್ಬಿಣದ ಬೀರುವಿನಲ್ಲಿ ಮೂರು ಡಬ್ಬಗಳಿವೆ. ಮೊದಲನೆಯದು ಕರೆಂಟು, ನೀರು ಮತ್ತು ಕೆಲಸದವರ ಸಂಬಳದ್ದು. ಎರಡನೆಯದು ಮನೆಯದು. ಮೂರನೆಯದು ಯಂತ್ರದ್ದು. ಸಂಜೆ ಹಣ ಬಂದ ಕೂಡಲೇ ಮೂರಕ್ಕೂ ಹಂಚಿಬಿಡಬೇಕು. ಮೂರನೆಯದರ ವಿಷಯ ಸರಿಯಾಗಿ ಕೇಳಿಸಿಕೋ. ಕಂಪ್ರೆಸರ್ ಕೂಡ ಒಬ್ಬ ಕೆಲಸಗಾರ. ಅದಕ್ಕೆ ಬಾಯಿಲ್ಲ, ತಿಂಗಳ ಕೊನೆಗೆ ಬಂದು ತಲೆ ಕೆರೆದುಕೊಂಡು ನಿಲ್ಲುವುದಿಲ್ಲ. ಒಂದು ದಿನ ಎಲ್ಲವನ್ನೂ ಒಟ್ಟಿಗೆ ಕೇಳುತ್ತದೆ, ಆ ದಿನ ನಿನ್ನ ಹತ್ತಿರ ಇಲ್ಲದಿದ್ದರೆ ಬಾಗಿಲು ಹಾಕಿಸುತ್ತದೆ. ಅದಕ್ಕೇ ಹತ್ತು ಬ್ಲಾಕ್ ಐಸ್ ಮಾರಿದರೆ ಒಂದರ ಹಣ ಯಂತ್ರದ ಕೂಲಿ. ಹೋದ ವರ್ಷ ಟ್ಯಾಂಕಿನ ತಳ ಬದಲಿಸಿದಾಗ ಆ ಡಬ್ಬ ಬರಿದಾಯಿತು, ಮೊದಲಿನಿಂದ ತುಂಬಬೇಕು. ಆ ಹಣ ನಿನ್ನದಲ್ಲ, ನನ್ನದೂ ಅಲ್ಲ. ಮನೆಗೆ ಬೆಂಕಿ ಬಿದ್ದರೂ ಅದನ್ನು ಮುಟ್ಟಬೇಡ.

ಬೀಗದ ಕೈ ಒಂದು ಜೊತೆ ನಿನ್ನ ಹತ್ತಿರ ಇದೆ. ಇನ್ನೊಂದು ಜೊತೆ ನನ್ನ ದಿಂಬಿನ ಕೆಳಗಿದೆ.

ನಿನ್ನ ಅತ್ತೆ


ಜುಲೈ 11

ಪೂಜ್ಯ ಅತ್ತೆಯವರಿಗೆ,

ನಿಮ್ಮ ಕಾಗದವನ್ನು ಮೂರು ಸಲ ಓದಿದೆ. ದೊಡ್ಡ ಅಕ್ಷರದಲ್ಲೇ ಬರೆಯುತ್ತಿದ್ದೇನೆ.

ಈ ಸಲ ಮಳೆಗಾಲದ ಮೀನುಗಾರಿಕೆ ನಿಷೇಧ ಬೇಗ ಮುಗಿದು, ಕಡಲಿಗೆ ಬೋಟುಗಳು ಇಳಿದಿವೆ. ಬೆಳಿಗ್ಗೆ ಬಾಗಿಲು ತೆರೆಯುವ ಮೊದಲೇ ಕೈಗಾಡಿಗಳು ಸಾಲಾಗಿ ನಿಂತಿರುತ್ತವೆ. ಟ್ಯಾಂಕಣ್ಣ ನೀರು ಹೆಪ್ಪುಗಟ್ಟಿದ ಕ್ಯಾನುಗಳನ್ನು ಟ್ಯಾಂಕಿನ ಉಪ್ಪುನೀರಿನಿಂದ ಎತ್ತಿ, ಐಸ್ ಬಿಟ್ಟುಕೊಳ್ಳಲೆಂದು ಸಿಹಿನೀರಿನಲ್ಲಿ ಅದ್ದಿ, ಬ್ಲಾಕುಗಳನ್ನು ಜಾರುಹಲಗೆಗೆ ಬಿಡುತ್ತಾನೆ. ನಾನು ಇಷ್ಟು ದಿನ ಅವನ ಪಕ್ಕದಲ್ಲಿ ಕೊಕ್ಕೆ ಹಿಡಿದು ನಿಲ್ಲುತ್ತಿದ್ದವಳು, ಈಗ ನಿಮ್ಮ ಕುರ್ಚಿಯಲ್ಲಿ ಕೂತಿದ್ದೇನೆ. ಅದರ ಒಂದು ಕಾಲು ಅಲ್ಲಾಡುತ್ತದೆ ಎಂದು ನೀವು ಒಂದು ದಿನವೂ ಹೇಳಲಿಲ್ಲ. ಮೊದಲ ದಿನವೇ ಬೀಳುವುದು ಸ್ವಲ್ಪದರಲ್ಲಿ ತಪ್ಪಿತು, ಟ್ಯಾಂಕಣ್ಣ ನಗು ತಡೆಯಲಾರದೆ ಹಿಂದಕ್ಕೆ ತಿರುಗಿಕೊಂಡ.

ಡಬ್ಬಗಳಿಗೆ ಹಂಚುತ್ತಿದ್ದೇನೆ. ಯಂತ್ರದ ಡಬ್ಬಕ್ಕೆ ಮೊದಲು ಹಾಕಿ ಆಮೇಲೆ ಉಳಿದವಕ್ಕೆ.

ಒಂದು ಮಾತು ಕೇಳಬೇಕು. ಕೆಂಪು ಬೋಟಿನವನು ಹೋದ ಸಲದ ಹಣ ಕೊಡದೆ ಮತ್ತೆ ಐಸ್ ಕೇಳಿದ. ನಾನು ಹಿಂದೆ ಮುಂದೆ ನೋಡಿದ್ದಕ್ಕೆ ಎಲ್ಲರೆದುರು, "ನಿಮ್ಮತ್ತೆ ಇದ್ದಾಗ ಒಂದು ದಿನಾನೂ ಹೀಗೆ ನಿಲ್ಸಿ ಕೇಳ್ತಿರ್ಲಿಲ್ಲಮ್ಮ" ಎಂದ. ನನಗೆ ನಾಚಿಕೆಯಾಗಿ ಕೊಟ್ಟು ಕಳಿಸಿದೆ. ಕೊಟ್ಟಿದ್ದು ಸರಿಯೋ ತಪ್ಪೋ ಗೊತ್ತಾಗುತ್ತಿಲ್ಲ.

ಇನ್ನೊಂದು. ನಿಮ್ಮ ಮೊಮ್ಮಗಳ ಶಾಲೆಯ ಬೂಟು ಕಿತ್ತುಹೋಗಿದೆ. ಮನೆಯ ಡಬ್ಬದಿಂದ ತೆಗೆಯಬಹುದೇ?

ನಿಮ್ಮ ಸೊಸೆ


ಜುಲೈ 19

ಸೊಸೆಗೆ,

ಬೂಟು ತೆಗೆದುಕೊಡು. ಅದಕ್ಕೆ ನನ್ನನ್ನು ಯಾಕೆ ಕೇಳುತ್ತೀ? ತೆಗೆದದ್ದಕ್ಕೆ ಒಂದು ಚೀಟಿ ಬರೆದು ಡಬ್ಬದಲ್ಲಿಡು, ಸಾಕು. ಏನು ತೆಗೆದರೂ ಚೀಟಿ ಇರಲಿ.

ಕೆಂಪು ಬೋಟಿನವನು ನಿನಗೆ ಚೆನ್ನಾಗಿ ಟೋಪಿ ಹಾಕಿದ್ದಾನೆ. ನಾನು ಅವನನ್ನು ನಿಲ್ಲಿಸಿ ಕೇಳುತ್ತಿರಲಿಲ್ಲ ಎನ್ನುವುದು ನಿಜ. ಯಾಕೆಂದರೆ ಅವನು ನನ್ನ ಮುಖ ನೋಡಿದ ಕೂಡಲೇ ಜೇಬಿಗೆ ಕೈ ಹಾಕುತ್ತಿದ್ದ. ನಮ್ಮಲ್ಲಿ ಸಾಲಕ್ಕೆ ಒಂದೇ ಕಟ್ಟು. ಹೋದ ಸಲದ್ದು ಕೊಟ್ಟರೆ ಈ ಸಲದ್ದು ಸಾಲ. ಅದರಾಚೆ ಅಣ್ಣನೂ ಇಲ್ಲ, ತಮ್ಮನೂ ಇಲ್ಲ. ಸಾಲ ಕೊಟ್ಟ ಐಸ್ ಅವನ ಬೋಟಿನಲ್ಲಿ ಕರಗುತ್ತದೆ, ನಿನ್ನ ಪುಸ್ತಕದಲ್ಲಿ ಮಾತ್ರ ಗಟ್ಟಿಯಾಗಿ ಕೂತಿರುತ್ತದೆ. ಅದನ್ನು ನೋಡಿ ನನ್ನ ಹತ್ತಿರ ಇಷ್ಟು ಹಣವಿದೆ ಎಂದುಕೊಂಡೆಯೋ, ಮುಗಿಯಿತು. ಕೈಗೆ ಬರುವವರೆಗೆ ಅದು ಹಣವಲ್ಲ.

ಒಂದು ಬ್ಲಾಕಿಗೆ ನಿನಗೆ ಬೀಳುವ ಖರ್ಚು ಎಷ್ಟು ಎಂದು ಯಾವತ್ತಾದರೂ ಕೂಡಿಸಿ ನೋಡಿದ್ದೀಯಾ? ಕರೆಂಟು, ನೀರು, ಉಪ್ಪು, ಟ್ಯಾಂಕಣ್ಣನ ಸಂಬಳ, ಯಂತ್ರದ ಕೂಲಿ, ದಾರಿಯಲ್ಲಿ ಒಡೆದು ಹೋಗುವ ತುಂಡು, ಎಲ್ಲ ಸೇರಿಸು. ಆ ಅಂಕಿಯನ್ನು ಕುರ್ಚಿಯೆದುರಿನ ಗೋಡೆಯ ಮೇಲೆ ಬರೆ. ಯಾರು ಬಂದು ಬೆಣ್ಣೆ ಹಚ್ಚಿದರೂ ಕಣ್ಣು ಆ ಗೋಡೆಯ ಮೇಲಿರಲಿ. ಅದಕ್ಕಿಂತ ಕೆಳಗಿಳಿದು ಮಾರಿದರೆ ನೀನು ಐಸ್ ಮಾರುತ್ತಿಲ್ಲ, ಫ್ಯಾಕ್ಟರಿಯನ್ನೇ ತುಂಡು ತುಂಡಾಗಿ ಮಾರುತ್ತಿದ್ದೀ.

ಕುರ್ಚಿಯ ಎಡಗಾಲಿನ ಕೆಳಗೆ ಮಡಚಿದ ರಟ್ಟಿನ ತುಂಡು ಇಡಬೇಕು. ಹೊರಡುವ ಗಡಿಬಿಡಿಯಲ್ಲಿ ಹೇಳುವುದು ಮರೆತೆ.

ಅತ್ತೆ


ಆಗಸ್ಟ್ 2

ಅತ್ತೆಯವರಿಗೆ,

ಇಲ್ಲಿ ಒಂದು ಹೊಸ ತಾಪತ್ರಯ ಶುರುವಾಗಿದೆ. ಗೋದಾಮಿನವನು ಎಲ್ಲಿಂದಲೋ ಲಾರಿಯಲ್ಲಿ ಐಸ್ ತರಿಸಿ ಜೆಟ್ಟಿಯ ಮೇಲೇ ನಿಲ್ಲಿಸಿ ಮಾರುತ್ತಿದ್ದಾನೆ. ನಮ್ಮ ಬೆಲೆಗಿಂತ ಕಾಲುಪಾಲು ಕಡಿಮೆ. ಬೋಟಿನ ಬಾಯಿಗೇ ತಂದು ಕೊಡುತ್ತಾನೆ. ಮೊನ್ನೆ ಹತ್ತು ಗಂಟೆಯಾದರೂ ನಮ್ಮ ಜಾರುಹಲಗೆ ಒಣಗಿಯೇ ಇತ್ತು. ಟ್ಯಾಂಕಣ್ಣ ಬೀಡಿ ಸೇದುತ್ತಾ ಬಾಗಿಲಲ್ಲಿ ಕೂತಿದ್ದ, ನಾನು ನೋಡಿಯೂ ನೋಡದ ಹಾಗೆ ಇದ್ದೆ. ಹೆಪ್ಪುಗಟ್ಟಿದ ಬ್ಲಾಕುಗಳನ್ನು ಕ್ಯಾನಿನಿಂದ ತೆಗೆಯದೆ ಹೊಸ ನೀರು ತುಂಬುವ ಹಾಗಿಲ್ಲ. ತೆಗೆದರೆ ಇಡುವುದೆಲ್ಲಿ?

ಅವನಿಗೆ ಇದರಲ್ಲಿ ಏನು ಲಾಭ ಎಂದು ನನಗೆ ಅರ್ಥವಾಗುತ್ತಿಲ್ಲ. ಅಷ್ಟು ಬೆಲೆಗೆ ಲಾರಿಯ ಬಾಡಿಗೆಯೂ ಹುಟ್ಟುವುದಿಲ್ಲ. ನಮ್ಮನ್ನು ಸೊರಗಿಸಿ ಕಡಿಮೆ ಬೆಲೆಗೆ ಹೊಡೆದುಕೊಳ್ಳಲು ನೋಡುತ್ತಿದ್ದಾನೆ ಎಂದು ಬಂದರಿನಲ್ಲಿ ಮಾತಾಡುತ್ತಾರೆ.

ನಾವೂ ಸ್ವಲ್ಪ ಇಳಿಸಿದರೆ ಹೇಗೆ ಎಂದು ಯೋಚಿಸುತ್ತಿದ್ದೇನೆ. ನಿಮ್ಮ ಅಭಿಪ್ರಾಯ ಬೇಗ ತಿಳಿಸಿ. ಗೋಡೆಯ ಮೇಲೆ ಅಂಕಿ ಬರೆದಿದ್ದೇನೆ.

ನಿಮ್ಮ ಸೊಸೆ


ಆಗಸ್ಟ್ 8

ಸೊಸೆಗೆ,

ಇಳಿಸಬೇಡ. ಈ ಕಾಗದದಲ್ಲಿ ಬೇರೆ ಏನೂ ಓದದಿದ್ದರೂ ಇದನ್ನು ಓದು. ಅವನ ಜೇಬು ಆಳ, ನಮ್ಮದು ಅಂಗೈಯಷ್ಟು. ಬೆಲೆ ಇಳಿಸುವ ಆಟದಲ್ಲಿ ಜೇಬು ಆಳ ಇದ್ದವನೇ ಗೆಲ್ಲುತ್ತಾನೆ. ಅವನ ಅಂಗಳದಲ್ಲಿ ಆಡಲು ಹೋಗಬೇಡ.

ಅವನು ಏನು ಮಾರುತ್ತಿಲ್ಲ ಎಂದು ನೋಡು. ಲಾರಿಯಲ್ಲಿ ಬರುವುದು ಇಡೀ ಬ್ಲಾಕು. ಪುಟ್ಟ ದೋಣಿಯವರಿಗೆ ಇಡೀ ಬ್ಲಾಕು ಯಾಕೆ? ಅವರಿಗೆ ಬೇಕಾಗಿರುವುದು ಅರ್ಧ ಬುಟ್ಟಿ ಪುಡಿ ಐಸ್, ಅದೂ ಬೆಳಕು ಹರಿಯುವ ಮೊದಲು. ಐಸ್ ಪುಡಿ ಮಾಡುವ ಯಂತ್ರ ಇರುವುದು ನಮ್ಮಲ್ಲಿ ಮಾತ್ರ. ಪುಡಿ ಮಾಡಿದ್ದಕ್ಕೆ ಪುಡಿಯ ಬೆಲೆ ತೆಗೆದುಕೋ. ಚಿಲ್ಲರೆ ಗಿರಾಕಿ ಎಂದು ಮೂಗು ಮುರಿಯಬೇಡ, ಅವರು ಕೈಯಲ್ಲಿ ಹಣ ಹಿಡಿದುಕೊಂಡೇ ಬರುತ್ತಾರೆ. ದೊಡ್ಡ ಬೋಟುಗಳು ಹೋದರೆ ಹೋಗಲಿ. ಕ್ಯಾನುಗಳನ್ನು ಅರ್ಧಕ್ಕೆ ಇಳಿಸು, ಕರೆಂಟಾದರೂ ಉಳಿಯುತ್ತದೆ. ಕಡಿಮೆ ಮಾರಿ ಉಳಿಯುವುದಕ್ಕೆ ನಾಚಿಕೆಪಡಬೇಡ.

ತಿಂಗಳ ಲೆಕ್ಕ ಕಳಿಸುವಾಗ ಕರೆಂಟು ಬಿಲ್ಲಿನಲ್ಲಿ ಎಷ್ಟು ಯೂನಿಟ್ ಎಂದಿದೆಯೋ ಅದನ್ನೂ, ಎಷ್ಟು ಬ್ಲಾಕ್ ತೆಗೆದಿರಿ ಎನ್ನುವುದನ್ನೂ ಬರೆ. ಅಳಿಯ ಪ್ರತಿದಿನ ರಾತ್ರಿ ಊಟಕ್ಕೆ ಕೂತಾಗ ಗೋದಾಮಿನವನ ವಿಷಯ ತೆಗೆಯುತ್ತಾನೆ. ನಾನು ಕೇಳಿಸದವಳ ಹಾಗೆ ಅನ್ನ ಕಲಸುತ್ತೇನೆ. ಕಿವಿ ಮಂದವಾದರೆ ಇಂಥ ಅನುಕೂಲಗಳೂ ಇವೆ.

ಅತ್ತೆ


ಆಗಸ್ಟ್ 24

ಅತ್ತೆಯವರಿಗೆ,

ನಿಮ್ಮ ಕಾಗದ ತಲುಪಿತು. ಎಲ್ಲ ನಿಮ್ಮ ಮಾತಿನಂತೆಯೇ ನಡೆಯುತ್ತಿದೆ. ಪುಡಿ ಐಸ್ ಶುರು ಮಾಡಿದ್ದೇವೆ, ಪುಟ್ಟ ದೋಣಿಯವರು ಬರುತ್ತಿದ್ದಾರೆ. ದೊಡ್ಡ ಬೋಟುಗಳೂ ಹಿಂದಕ್ಕೆ ಬಂದಿವೆ. ಜಾರುಹಲಗೆ ಒಣಗುವುದೇ ಇಲ್ಲ, ಟ್ಯಾಂಕಣ್ಣನಿಗೆ ಬೀಡಿ ಹಚ್ಚಲೂ ಪುರುಸೊತ್ತಿಲ್ಲ. ಮೂರೂ ಡಬ್ಬಗಳು ತುಂಬುತ್ತಿವೆ. ನೀವು ಚಿಂತೆ ಮಾಡಬೇಡಿ, ಕಾಲಿನ ವ್ಯಾಯಾಮ ಬಿಡಬೇಡಿ.

ಕುರ್ಚಿಯ ಕೆಳಗೆ ರಟ್ಟು ಇಟ್ಟಿದ್ದೇನೆ. ನಿಮ್ಮ ಮೊಮ್ಮಗಳು ಗಣಿತದಲ್ಲಿ ತರಗತಿಗೇ ಮೊದಲು ಬಂದಳು. ಅಜ್ಜಿಗೆ ಬರೆ ಎಂದು ಎರಡು ಸಲ ನೆನಪಿಸಿದಳು.

ನೀವು ಕೇಳಿದ ಯೂನಿಟ್ ಮತ್ತು ಬ್ಲಾಕಿನ ಲೆಕ್ಕವನ್ನು ಬೇರೆ ಹಾಳೆಯಲ್ಲಿ ಬರೆದು ಜೊತೆಗಿಟ್ಟಿದ್ದೇನೆ. ಮಾರುವುದಿಲ್ಲ ಎಂದು ಗೋದಾಮಿನವನಿಗೆ ಈಗಲೇ ಹೇಳಿಬಿಡಬಹುದಲ್ಲವೇ? ಅವನಿಗೂ ಕಾಯುವುದು ತಪ್ಪುತ್ತದೆ.

ನಿಮ್ಮ ಸೊಸೆ


ಸೆಪ್ಟೆಂಬರ್ 1

ಸೊಸೆಗೆ,

ಲೆಕ್ಕದ ಹಾಳೆ ನೋಡಿದೆ.

ಗೋದಾಮಿನವನಿಗೆ ಇಪ್ಪತ್ತೆಂಟನೆಯ ತಾರೀಖು ಕಾಗದಪತ್ರ ತೆಗೆದುಕೊಂಡು ಇಲ್ಲಿಗೆ ಬರಲು ಹೇಳಿ ಕಳಿಸಿದ್ದೇನೆ. ಅಳಿಯನೇ ಹೋಗಿ ತಿಳಿಸಿ ಬಂದ.

ಅಷ್ಟರೊಳಗೆ ಬೋಟಿನವರ ಬಾಕಿಗಳನ್ನೆಲ್ಲ ವಸೂಲು ಮಾಡು. ಯಾರನ್ನೂ ಬಿಡಬೇಡ. ಪುಸ್ತಕ ಶುದ್ಧವಾಗಿರಬೇಕು.

ಮೊಮ್ಮಗಳಿಗೆ ನನ್ನ ಮುತ್ತು ಕೊಡು.

ಅತ್ತೆ


ಸೆಪ್ಟೆಂಬರ್ 5

ಅತ್ತೆಗೆ,

ನಿಮ್ಮ ಕಾಗದ ಬರುವ ಮೊದಲೇ ಸುದ್ದಿ ಬಂದಿತ್ತು. ಗೋದಾಮಿನವನ ಗುಮಾಸ್ತ ನಮ್ಮ ಅಂಗಳಕ್ಕೆ ಬಂದು ಟೇಪು ಹಿಡಿದು ಗೋಡೆ ಅಳೆದ. ಏನಪ್ಪಾ ಎಂದು ಕೇಳಿದರೆ, "ನಿಮಗಿನ್ನೂ ಹೇಳಿಲ್ವಾ ಅಕ್ಕ?" ಎಂದ. ನಾನು ಕೊಕ್ಕೆ ಹಿಡಿದುಕೊಂಡು ನಿಂತಿದ್ದೆ. ಟ್ಯಾಂಕಣ್ಣ ಬಂದು ಅದನ್ನು ನನ್ನ ಕೈಯಿಂದ ಬಿಡಿಸಿಕೊಂಡ.

ಮಾರುವುದೇ ಆಗಿದ್ದರೆ ಜುಲೈನಲ್ಲೇ ಹೇಳಬಹುದಿತ್ತು. ಮೂರು ತಿಂಗಳು ನಡೆಸು, ಲೆಕ್ಕ ನೋಡುತ್ತೇನೆ ಎಂದು ಆಸೆ ಹುಟ್ಟಿಸಿದವರು ನೀವೇ. ಇನ್ನೂ ತಿಂಗಳು ಬಾಕಿ ಇರುವಾಗಲೇ ಮುಗಿಸಿದಿರಿ. ಲೆಕ್ಕ ನೋಡಿದೆ ಎಂದು ಒಂದು ಸಾಲು ಬರೆದಿರಿ. ಚೆನ್ನಾಗಿತ್ತೋ, ಕೆಟ್ಟದಾಗಿತ್ತೋ, ಅದಕ್ಕೂ ನಾನು ಯೋಗ್ಯಳಲ್ಲವೇ? ಮಗಳ ಮನೆಯ ಅನ್ನ ತಿನ್ನುವಾಗ ಅಳಿಯನ ಮಾತು ಕೇಳಿಸಿತು, ಸೊಸೆಯದು ಕೇಳಿಸಲಿಲ್ಲ.

ಮದುವೆಯಾಗಿ ಬಂದ ವಾರದಿಂದ ಆ ಟ್ಯಾಂಕಿನ ಮೇಲೆ ನಿಂತಿದ್ದೇನೆ. ನನ್ನ ಬೆರಳುಗಳು ಚಳಿಗೆ ಮರಗಟ್ಟಿ, ಈಗ ಸೂಜಿಗೆ ದಾರ ಪೋಣಿಸಲು ಮಗಳನ್ನು ಕರೆಯಬೇಕು. ನಿಮ್ಮ ಮಗ ಆಸ್ಪತ್ರೆಯಲ್ಲಿದ್ದಾಗಲೂ ಬೆಳಿಗ್ಗೆ ಕ್ಯಾನು ಎತ್ತಿ, ಮಧ್ಯಾಹ್ನ ಅವರ ಹತ್ತಿರ ಹೋಗುತ್ತಿದ್ದೆ. ನನಗೆ ಇದನ್ನೆಲ್ಲ ಹೇಳಿಕೊಳ್ಳುವ ಅಭ್ಯಾಸವಿರಲಿಲ್ಲ. ಈಗ ಹೇಳಿದ್ದೇನೆ.

ಉತ್ತರ ಬರೆಯುವ ಕಷ್ಟ ತೆಗೆದುಕೊಳ್ಳಬೇಡಿ.


ಸೆಪ್ಟೆಂಬರ್ 21

ಮಾಲೀಕರಿಗೆ,

ಹಸ್ತಾಂತರಕ್ಕೆ ಮುಂಚೆ ನಿಮಗೆ ತಿಳಿಸಬೇಕಾದ ಸಂಗತಿಗಳು ಇವು.

ಆಗಸ್ಟಿನಲ್ಲಿ ನಾನು ನಿಮಗೆ ಸುಳ್ಳು ಬರೆದೆ. ಬೆಲೆ ಇಳಿಸಲೇ ಎಂದು ಕೇಳಿ ಕಾಗದ ಹಾಕಿದ ದಿನವೇ ಇಳಿಸಿಬಿಟ್ಟಿದ್ದೆ. ಇಳಿಸಬೇಡ ಎಂದು ನೀವು ಬರೆದದ್ದು ತಲುಪುವಷ್ಟರಲ್ಲಿ ದೊಡ್ಡ ಬೋಟುಗಳು ಹಿಂದಕ್ಕೆ ಬಂದಿದ್ದವು, ಮತ್ತೆ ಏರಿಸಲು ಧೈರ್ಯ ಬರಲಿಲ್ಲ. ಜನ ಮುತ್ತಿಕೊಂಡಿರುವುದನ್ನು ನೋಡಿ ವ್ಯಾಪಾರ ಚೆನ್ನಾಗಿದೆ ಎಂದು ನನಗೆ ನಾನೇ ಹೇಳಿಕೊಂಡೆ. ಬೆಳಗಿನಿಂದ ಸಂಜೆಯವರೆಗೆ ಬೆವರು ಸುರಿಸಿ ನಷ್ಟ ಮಾಡುತ್ತಿದ್ದೆ. ಕರೆಂಟು ಬಿಲ್ಲು ಕಟ್ಟಲು ಯಂತ್ರದ ಡಬ್ಬ ತೆರೆದೆ. ಅದೇ ವಾರ ಕಂಪ್ರೆಸರ್ ಏದುಸಿರು ಬಿಡಲು ಶುರುಮಾಡಿತು. ಬ್ಲಾಕಿನ ನಡುವೆ ಹೆಪ್ಪುಗಟ್ಟದ ನೀರು ಉಳಿಯುತ್ತಿತ್ತು. ಅದನ್ನೂ ನಿಮಗೆ ಬರೆಯಲಿಲ್ಲ.

ಫ್ಯಾಕ್ಟರಿ ಕೈಬಿಟ್ಟಿತು ಎಂದು ತಿಳಿದ ಮೇಲೆ ನನಗೆ ಹೆದರಿಕೆ ಹೋಯಿತು. ಇನ್ನು ಯಾರನ್ನು ಒಲಿಸಿಕೊಂಡು ಏನಾಗಬೇಕು? ಮಾರನೆಯ ದಿನ ಹಳೆಯ ಬೆಲೆಯನ್ನೇ ಬಾಗಿಲಲ್ಲಿ ತೂಗುಹಾಕಿದ ಹಲಗೆಯ ಮೇಲೆ ಬರೆದೆ. ಇಪ್ಪತ್ತೆಂಟರ ನಂತರ ಬಾಕಿ ಪುಸ್ತಕವೂ ಗೋದಾಮಿನವನ ಕೈಗೆ ಹೋಗುತ್ತದೆ, ಅವನು ಬಡ್ಡಿ ಹಾಕುತ್ತಾನೋ ಇಲ್ಲವೋ ನೀವೇ ವಿಚಾರಿಸಿಕೊಳ್ಳಿ ಎಂದು ಬೋಟಿನವರಿಗೆಲ್ಲ ಹೇಳಿದೆ. ಕೆಂಪು ಬೋಟಿನವನು ಆ ಸಂಜೆಯೇ ಬಂದ. "ಅವನ ಪುಸ್ತಕದಲ್ಲಿ ನನ್ನ ಹೆಸರು ಬೇಡ ತಂಗಿ" ಎಂದು ಪೂರ್ತಿ ಎಣಿಸಿಟ್ಟು ಹೋದ. ಅವನ ಹಿಂದೆಯೇ ಉಳಿದವರೂ ಬಂದರು. ಗೋದಾಮಿನವನ ಲಾರಿ ಈ ತಿಂಗಳ ಮೊದಲ ವಾರದಿಂದ ಬಂದಿಲ್ಲ. ಹೇಗೂ ತನ್ನದಾಗುವ ಫ್ಯಾಕ್ಟರಿಯ ಗಿರಾಕಿಗಳನ್ನು ತಾನೇ ಯಾಕೆ ಕೆಡಿಸಲಿ ಎಂದುಕೊಂಡಿರಬೇಕು. ಹಳೆಯ ಬೆಲೆಗೇ ಎಲ್ಲ ಬೋಟುಗಳೂ ನಮ್ಮಲ್ಲಿಗೆ ಬರುತ್ತಿವೆ.

ವಸೂಲಾದ ಹಣದಿಂದ ಯಂತ್ರದ ಡಬ್ಬಕ್ಕೆ ತೆಗೆದದ್ದನ್ನು ತುಂಬಿ, ಅದರಿಂದಲೇ ಮೆಕ್ಯಾನಿಕ್ ಕರೆಸಿದೆ. ವಾಲ್ವು, ಪಿಸ್ಟನ್ ರಿಂಗು ಬದಲಾಯಿಸಿದರು. ಗ್ಯಾಸ್ ಸೋರುತ್ತಿದ್ದ ಪೈಪಿಗೆ ಬೆಸುಗೆ ಹಾಕಿದರು. ಮಾರಿಹೋಗುವ ಯಂತ್ರಕ್ಕೆ ಯಾಕೆ ದುಡ್ಡು ಸುರಿಯುತ್ತೀಯಮ್ಮ ಎಂದು ಟ್ಯಾಂಕಣ್ಣ ಕೇಳಿದ. ಕೆಮ್ಮುವ ಯಂತ್ರವನ್ನು ಇನ್ನೊಬ್ಬರ ಕೈಗೆ ಕೊಟ್ಟು ಹೋದರೆ ನನಗೆ ನಿದ್ದೆ ಬರುವುದಿಲ್ಲ. ಈಗ ಅದು ಸರಿಯಾಗಿ ಉಸಿರಾಡುತ್ತಿದೆ, ಬ್ಲಾಕುಗಳು ಗಾಜಿನಂತೆ ಬರುತ್ತಿವೆ.

ಕೊನೆಯದಾಗಿ ನನ್ನ ವಿಷಯ. ಪೇಟೆಯ ಬಟ್ಟೆ ಅಂಗಡಿಯಲ್ಲಿ ಹಣ ಎಣಿಸುವ ಕೆಲಸ ಸಿಕ್ಕಿದೆ. ಅಕ್ಟೋಬರ್ ಒಂದರಿಂದ ಬರುತ್ತೇನೆ ಎಂದು ಮಾತು ಕೊಟ್ಟಿದ್ದೇನೆ. ಅಂಗಡಿಯ ಯಜಮಾನರು ಒಳ್ಳೆಯವರು. ಕೂರಿಸಿ ಮಾತಾಡಿಸಿದರು. "ಈಗ ಎಷ್ಟು ಸಂಬಳ ತಗೋತಿದ್ದೀರಮ್ಮ? ಅದಕ್ಕಿಂತ ಕಡಿಮೆ ಕೊಟ್ರೆ ಚೆನ್ನಾಗಿರಲ್ಲ" ಎಂದರು.

ನಾನು ಸೆರಗಿನ ಅಂಚು ಮಡಚುತ್ತಾ ಕೂತೆ. ಅವರು ನಾನು ಸಂಕೋಚಪಡುತ್ತಿದ್ದೇನೆ ಎಂದುಕೊಂಡು ಬೇರೆ ಮಾತಿಗೆ ಹೋದರು. ಮನೆಗೆ ಬರುವ ದಾರಿಯಲ್ಲಿ ನಿಮ್ಮ ಡಬ್ಬಗಳನ್ನು ಮನಸ್ಸಿನಲ್ಲೇ ಎಣಿಸಿದೆ. ಕರೆಂಟಿಗೆ ಇತ್ತು. ಟ್ಯಾಂಕಣ್ಣನಿಗೆ ಇತ್ತು. ಉಪ್ಪಿಗೆ ಇತ್ತು. ಬಾಯಿಲ್ಲದ ಯಂತ್ರಕ್ಕೂ ಕೂಲಿ ಇತ್ತು ಅತ್ತೆ. ಬಾಯಿದ್ದ ನನಗೆ ಇರಲಿಲ್ಲ. ಗೋಡೆಯ ಮೇಲೆ ಬರೆಯಲು ನೀವು ಹೇಳಿದ ಖರ್ಚಿನಲ್ಲೂ ನಾನಿರಲಿಲ್ಲ, ಕೂಡಿಸಿದವಳು ನಾನೇ ಆಗಿದ್ದರೂ ನನಗೆ ಹೊಳೆಯಲಿಲ್ಲ. ಮಗಳ ಬೂಟಿಗೆ ಚೀಟಿ ಬರೆದಿಟ್ಟಿದ್ದೇನೆ, ಡಬ್ಬದಲ್ಲಿದೆ.

ಬೀರುವಿನ ಬೀಗದ ಕೈಯನ್ನು ಟ್ಯಾಂಕಣ್ಣನ ಹತ್ತಿರ ಕೊಟ್ಟಿರುತ್ತೇನೆ.


ಸೆಪ್ಟೆಂಬರ್ 28

ನನ್ನ ಸೊಸೆಗೆ,

ಗೋದಾಮಿನವನು ಬೆಳಿಗ್ಗೆ ಬಂದು ಹೋದ. ಹೊಸ ಅಂಗಿ ಹಾಕಿಕೊಂಡು, ವಕೀಲನನ್ನೂ ಕರೆದುಕೊಂಡು ಬಂದಿದ್ದ. ಕಾಗದಪತ್ರವನ್ನೆಲ್ಲ ಓದಿಸಿ ಕೇಳಿದೆ. ಆಮೇಲೆ ಮಾರುವುದಿಲ್ಲ ಎಂದೆ. ನಾನು ಅವನಿಂದ ಮುಂಗಡ ತೆಗೆದುಕೊಂಡಿರಲಿಲ್ಲ, ಮಾತೂ ಕೊಟ್ಟಿರಲಿಲ್ಲ. ಕಾಗದ ತಾ, ನೋಡೋಣ ಎಂದಿದ್ದೆ. ನೋಡಿದೆ. ಅವನ ಮುಖ ಕೆಂಪಗಾಯಿತು, ಅಳಿಯನ ಮುಖ ಅದಕ್ಕಿಂತ ಕೆಂಪಗಾಯಿತು. ಮಗಳು ಮಧ್ಯಾಹ್ನದಿಂದ ನನ್ನ ಹತ್ತಿರ ಮಾತಾಡಿಲ್ಲ.

ನಿನ್ನ ಆಗಸ್ಟಿನ ಕಾಗದ ಓದಿದಾಗಲೇ ನನಗೆ ಗೊತ್ತಾಗಿತ್ತು. ಲಾರಿ ಜೆಟ್ಟಿಯ ಮೇಲಿರುವಾಗ ದೊಡ್ಡ ಬೋಟುಗಳು ಹಿಂದಕ್ಕೆ ಬಂದವು ಎಂದರೆ ನೀನು ಬೆಲೆ ಇಳಿಸಿದ್ದೀ ಎಂದೇ ಅರ್ಥ. ನೀನು ಸುಳ್ಳು ಬರೆದೆ, ಆದರೆ ಲೆಕ್ಕದ ಹಾಳೆಯಲ್ಲಿ ನಿಜವನ್ನೇ ಬರೆದಿದ್ದೆ. ತೆಗೆದ ಬ್ಲಾಕುಗಳು ಹೋದ ವರ್ಷದಷ್ಟೇ, ಯೂನಿಟ್ ಮಾತ್ರ ಮೇಲೇರಿತ್ತು. ಯಂತ್ರ ಬಳಲುತ್ತಿದೆ ಎಂದು ನನಗೆ ಬೇರೆ ಯಾರೂ ಹೇಳಬೇಕಾಗಿರಲಿಲ್ಲ. ಲಾರಿ ಬರುವುದು ನಿಲ್ಲದೆ ನೀನು ಬೆಲೆ ಏರಿಸಲಾರೆ, ಬೆಲೆ ಏರದೆ ಯಂತ್ರ ಉಳಿಯದು. ನಷ್ಟಕ್ಕೆ ಐಸ್ ಮಾರುವವನು ಫ್ಯಾಕ್ಟರಿ ತನಗೇ ಸಿಗುತ್ತದೆ ಎಂದು ಖಾತ್ರಿಯಾದ ದಿನ ಲಾರಿ ತರಿಸುವುದನ್ನು ನಿಲ್ಲಿಸುತ್ತಾನೆ. ಹಾಸಿಗೆಯಲ್ಲಿ ಬಿದ್ದುಕೊಂಡು ನನ್ನ ಕೈಯಲ್ಲಿ ಆಗುತ್ತಿದ್ದುದು ಅವನಿಗೆ ಆ ಖಾತ್ರಿ ಹುಟ್ಟಿಸುವುದೊಂದೇ.

ನಿನಗೆ ಯಾಕೆ ಹೇಳಲಿಲ್ಲ ಎಂದರೆ, ನಿನ್ನ ಮುಖದಲ್ಲಿ ಏನೂ ನಿಲ್ಲುವುದಿಲ್ಲ. ನೀನು ನಕ್ಕರೆ ಇಡೀ ಬಂದರಿಗೆ ಗೊತ್ತಾಗುತ್ತದೆ. ನೀನು ನಿಜವಾಗಿ ನಂಬಬೇಕಿತ್ತು. ನಂಬಿದೆ. ಅದರ ಬೆಲೆಯನ್ನು ನಾನು ಸರಿಯಾಗಿ ಲೆಕ್ಕ ಹಾಕಿರಲಿಲ್ಲ. ಐದನೆಯ ತಾರೀಖಿನ ನಿನ್ನ ಕಾಗದ ಬಂದ ದಿನ ನಿಜ ಬರೆದುಬಿಡೋಣ ಎಂದು ಪೆನ್ನು ತೆಗೆದೆ, ಮತ್ತೆ ಇಟ್ಟೆ. ನನ್ನ ಎದೆ ಉರಿಯಿತು. ಇಷ್ಟು ಹೇಳುತ್ತೇನೆ, ಇದಕ್ಕಿಂತ ಹೆಚ್ಚು ಹೇಳಲು ನನಗೆ ಬರುವುದಿಲ್ಲ.

ಈಗ ನಿನ್ನ ಕೂಲಿಯ ವಿಷಯ. ನೀನು ಬರೆದದ್ದನ್ನು ಓದಿ ಮೊದಲು ಸಿಟ್ಟು ನೆತ್ತಿಗೇರಿತು. ಮನೆಯವಳಿಗೆ ಎಂಥ ಸಂಬಳ, ಮನೆಯ ಡಬ್ಬ ಇತ್ತಲ್ಲ ಎಂದು ಗೊಣಗಿದೆ. ಆಮೇಲೆ ಆ ಡಬ್ಬದಲ್ಲಿ ಬೂಟಿಗೆ ಬರೆದಿಟ್ಟ ಚೀಟಿ ನೆನಪಾಯಿತು. ಟ್ಯಾಂಕಣ್ಣ ತನ್ನ ಸಂಬಳದಲ್ಲಿ ಬೀಡಿ ಸೇದಿದ್ದಕ್ಕೆ ನನಗೆ ಚೀಟಿ ಕೊಡುವುದಿಲ್ಲ. ನಿನ್ನೆ ಮಧ್ಯಾಹ್ನ ಕೂತು ಕೂಡಿಸಿದೆ. ಟ್ಯಾಂಕಣ್ಣನಿಗೆ ಕೊಡುವಷ್ಟೇ ನಿನಗೂ ಎಂದಿಟ್ಟುಕೊಂಡು, ನೀನು ಮದುವೆಯಾಗಿ ಬಂದ ಈ ಒಂಬತ್ತು ವರ್ಷಕ್ಕೆ. ಎರಡು ಸಲ ಕೂಡಿಸಿದೆ, ಎರಡು ಸಲವೂ ಅಷ್ಟೇ ಬಂತು. ಅದನ್ನು ಒಟ್ಟಿಗೆ ತೀರಿಸಬೇಕಾದರೆ ಫ್ಯಾಕ್ಟರಿಯನ್ನೇ ಮಾರಬೇಕು.

ಮಾರುವುದಿಲ್ಲ ಎಂದು ಈಗಷ್ಟೇ ಒಬ್ಬನಿಗೆ ಹೇಳಿ ಕಳಿಸಿದ್ದೇನೆ. ಆದ್ದರಿಂದ ಬಾಕಿಗೆ ಬದಲಾಗಿ ಅರ್ಧ ಫ್ಯಾಕ್ಟರಿಯನ್ನು ನಿನ್ನ ಹೆಸರಿಗೆ ಬರೆಯುತ್ತೇನೆ. ಗೋದಾಮಿನವನ ಜೊತೆ ಬಂದ ವಕೀಲನನ್ನು ಹಿಂದೆ ಉಳಿಸಿಕೊಂಡು, ಇದಕ್ಕೆ ಎಷ್ಟು ಖರ್ಚಾಗುತ್ತದೆ ಎಂದು ಕೇಳಿದೆ. ಅವನು ನನ್ನ ಮುಖವನ್ನೇ ನೋಡಿದ. ಇದು ನಾನು ಕೊಡುವ ಉಡುಗೊರೆ ಎಂದು ಎಲ್ಲೂ ಹೇಳಿಕೊಂಡು ಬರಬೇಡ. ಇದು ಬಾಕಿ. ನಮ್ಮಲ್ಲಿ ಕಟ್ಟು ಇರುವುದೇ ಹಾಗೆ, ಹಿಂದಿನದು ತೀರದೆ ಮುಂದಿನದನ್ನು ಕೇಳಬಾರದು.

ಮುಂದಿನದನ್ನು ಈಗ ಕೇಳುತ್ತೇನೆ. ಬಟ್ಟೆ ಅಂಗಡಿಯವನು ಎಷ್ಟು ಕೊಡುತ್ತಾನೆ ಎಂದು ನೀನು ಬರೆಯಲಿಲ್ಲ. ಅಷ್ಟನ್ನೇ ಪ್ರತಿ ತಿಂಗಳು ಇಲ್ಲಿ ತೆಗೆದುಕೋ. ಬೀರುವಿನಲ್ಲಿ ನಾಲ್ಕನೆಯ ಡಬ್ಬ ಇಡು. ಬರುತ್ತೀಯಾ?

ಅತ್ತೆ


ಅಕ್ಟೋಬರ್ 4

ಅತ್ತೆಗೆ,

ನಿಮ್ಮ ಕಾಗದ ಎರಡನೆಯ ತಾರೀಖು ಬಂತು. ಅಷ್ಟರಲ್ಲಿ ಅಂಗಡಿಯಲ್ಲಿ ಒಂದು ದಿನ ಹಣ ಎಣಿಸಿ ಬಂದಿದ್ದೆ. ಕಾಗದವನ್ನು ಅಂಗಡಿಗೆ ಒಯ್ದು, ಗಲ್ಲಾದ ಹಿಂದೆ ಕೂತು ಓದಿದೆ. ಕಣ್ಣೀರು ಬಂತೋ ಇಲ್ಲವೋ ಹೇಳುವುದಿಲ್ಲ, ನನ್ನ ಮುಖದಲ್ಲಿ ಏನೂ ನಿಲ್ಲುವುದಿಲ್ಲ ಎಂದು ನಿಮಗೇ ಗೊತ್ತಲ್ಲ.

ಅಂಗಡಿಯ ಯಜಮಾನರಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಬೇರೆ ಯಾರಾದರೂ ಸಿಗುವವರೆಗೆ ಮಧ್ಯಾಹ್ನ ಹೋಗಿ ಕೂರುತ್ತೇನೆ. ಕೊಟ್ಟ ಮಾತು ಅರ್ಧಕ್ಕೆ ಬಿಡಲು ಮನಸ್ಸಾಗಲಿಲ್ಲ. ಬೆಳಿಗ್ಗೆ ಫ್ಯಾಕ್ಟರಿಯಲ್ಲಿರುತ್ತೇನೆ.

ನಿಮ್ಮ ಉಪಾಯದಿಂದ ಫ್ಯಾಕ್ಟರಿ ಉಳಿಯಿತು. ಆದರೂ ಆ ಗುಮಾಸ್ತ ಟೇಪು ಹಿಡಿದು ನಿಂತದ್ದನ್ನು ನಾನು ಬೇಗ ಮರೆಯುವುದಿಲ್ಲ. ನೀವು ನನ್ನ ಮುಖವನ್ನು ಲೆಕ್ಕಕ್ಕೆ ತೆಗೆದುಕೊಂಡಿರಿ, ನನ್ನನ್ನು ತೆಗೆದುಕೊಳ್ಳಲಿಲ್ಲ. ಅರ್ಧ ನನ್ನ ಹೆಸರಿಗೆ ಬರುವುದಾದರೆ ಇನ್ನು ಮುಂದೆ ನನಗೆ ತಿಳಿಯದೆ ಫ್ಯಾಕ್ಟರಿಯ ವಿಷಯವನ್ನು ಯಾರ ಹತ್ತಿರವೂ ಮಾತಾಡಕೂಡದು. ನಾನೂ ನಿಮಗೆ ಸುಳ್ಳು ಬರೆಯುವುದಿಲ್ಲ. ಇದಕ್ಕೆ ಒಪ್ಪಿಗೆ ಇದ್ದರೆ ವಕೀಲರಿಗೆ ಹೇಳಿ.

ಗೋದಾಮಿನವನು ಲಾರಿ ಮತ್ತೆ ತಂದು ನಿಲ್ಲಿಸಿದ್ದಾನೆ. ಕೆಂಪು ಬೋಟಿನವನು ಹೋಗಿ ಬೆಲೆ ಕೇಳಿಕೊಂಡು ಬಂದು, ನಮ್ಮ ಹಲಗೆಯನ್ನು ನೋಡುತ್ತಾ ನಿಂತ. ನಾನು ಇಳಿಸಲಿಲ್ಲ. ಅವನು ಆ ಕಡೆಗೇ ಹೋದ. ಪುಟ್ಟ ದೋಣಿಯವರು ಬುಟ್ಟಿ ಹಿಡಿದುಕೊಂಡು ಸಾಲಿನಲ್ಲಿದ್ದರು, ಅವರಿಗೆ ಕೊಟ್ಟು ಮುಗಿಸುವಷ್ಟರಲ್ಲಿ ಬಿಸಿಲು ಏರಿತ್ತು. ಕ್ಯಾನುಗಳನ್ನು ಅರ್ಧಕ್ಕೆ ಇಳಿಸಿದ್ದೇನೆ. ಗೋಡೆಯ ಮೇಲಿನ ಅಂಕಿಯನ್ನು ಅಳಿಸಿ, ನನ್ನ ಕೂಲಿಯನ್ನೂ ಸೇರಿಸಿ ಹೊಸದಾಗಿ ಬರೆದೆ. ಸ್ವಲ್ಪ ಮೇಲೇರಿದೆ. ಹೊಸ ಬೆಲೆಯನ್ನು ಹಲಗೆಯ ಮೇಲೆ ಬರೆಯುವಾಗ ಟ್ಯಾಂಕಣ್ಣ, "ಇಷ್ಟು ದಿನ ಕಡಿಮೆ ಮಾರ್ತಿದ್ವಿ ಹಾಗಾದ್ರೆ" ಎಂದ.

ನಾಲ್ಕನೆಯ ಡಬ್ಬ ತಂದಿಟ್ಟಿದ್ದೇನೆ. ಈ ವಾರದ್ದನ್ನು ಹಾಕಿದ್ದೇನೆ. ಅದಕ್ಕೆ ಹೊಸ ಬೀಗ. ಬೀಗದ ಕೈ ಒಂದೇ ಇದೆ, ಅದು ನನ್ನ ಹತ್ತಿರ ಇದೆ.

ನಿಮ್ಮ ಸೊಸೆ